ಮನೆಯಂಗಳದಲ್ಲಿ ಖಾರದ ಮೆಣಸಿನಕಾಯಿ: ಬೇಸಾಯ, ಒಣಗಿಸುವಿಕೆ ಮತ್ತು ಅಡುಗೆಯಲ್ಲಿ ಬಳಕೆ

ಪೀಠಿಕೆ

ಮೆಣಸಿನಕಾಯಿ ಇಲ್ಲದ ಅಡುಗೆಮನೆ ನಮ್ಮ ರಾಜ್ಯದಲ್ಲಿ ದೊರೆಯುವುದು ಕಷ್ಟ. ಮುದ್ದೆಗೆ ಸೊಪ್ಪಿನ ಸಾರು, ಜೋಳದ ರೊಟ್ಟಿಗೆ ರಂಜಕ, ಗಂಜಿಗೆ ಉಪ್ಪಿನಕಾಯಿ, ಮೊಸರನ್ನಕ್ಕೆ ಕರಿದ ಬಾಳಕ. ಊಟ ಯಾವುದಾದರೂ ಅದರ ಖಾರ ಬರುವುದು ಈ ಒಂದು ಬೆಳೆಯಿಂದ. ಆದರೆ ಇದು ಮೂಲತಃ ನಮ್ಮ ನೆಲದ ಬೆಳೆಯಲ್ಲ. ಮೆಕ್ಸಿಕೊ ಮತ್ತು ಅದರ ಸುತ್ತಲಿನ ಪ್ರದೇಶ ಇದರ ತವರು. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ದೇಶದ ಒಳನಾಡಿಗೆ ಹರಡಿತು. ಅದಕ್ಕೂ ಮುನ್ನ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರೇ ಸೇರಿ ‘ಮೆಣಸಿನಕಾಯಿ’ ಆಯಿತು.

ಎಕರೆಗಟ್ಟಲೆ ಮೆಣಸಿನಕಾಯಿ ಬೆಳೆಯುವ ರೈತರೂ ಮನೆಯ ಬಳಕೆಗೆಂದು ಪ್ರತ್ಯೇಕವಾಗಿ ಏಳೆಂಟು ಗಿಡ ಬೆಳೆಸಿಕೊಳ್ಳಬೇಕೆಂಬುದು ಈ ಲೇಖನದ ಮುಖ್ಯ ಸಲಹೆ. ಇದಕ್ಕೆ ಬಲವಾದ ಕಾರಣವಿದೆ. ತರಕಾರಿ ಮತ್ತು ಸಾಂಬಾರ ಬೆಳೆಗಳ ಪೈಕಿ ಅತಿ ಹೆಚ್ಚು ಸಿಂಪರಣೆ ಪಡೆಯುವ ಬೆಳೆಗಳಲ್ಲಿ ಮೆಣಸಿನಕಾಯಿಯೂ ಒಂದು. ಹೊಲಕ್ಕೆ ಹೋದವರು ಮರಳುವಾಗ ಸಾರಿಗೆಂದು ಒಂದು ಬೊಗಸೆ ಕಾಯಿ ಕಿತ್ತು ತರುವುದು ಎಲ್ಲೆಡೆಯ ರೂಢಿ. ಯಾವ ಸಾಲಿಗೆ ಯಾವ ದಿನ ಔಷಧಿ ಬಿದ್ದಿದೆ ಎಂಬುದು ಕಾಯಿ ಕಿತ್ತವರಿಗೆ ತಿಳಿದಿರುವುದಿಲ್ಲ. ಕಾಯಿಯ ಮೇಲ್ಮೈಯ ಔಷಧಿಯು ತೊಳೆದಾಗ ಸ್ವಲ್ಪ ಮಟ್ಟಿಗೆ ಹೋಗಬಹುದು. ಗಿಡದೊಳಗೆ ಸೇರುವ ಅಂತರ್ವ್ಯಾಪಿ ಕೀಟನಾಶಕ ತೊಳೆದರೆ ಹೋಗುವುದಿಲ್ಲ. ಅಲ್ಲದೆ, ಸುಮಾರು 4 ಕಿ.ಗ್ರಾಂ. ಹಣ್ಣು ಒಣಗಿ 1 ಕಿ.ಗ್ರಾಂ. ಆಗುವಾಗ ಆರುವುದು ನೀರು ಮಾತ್ರ. ವಿಘಟನೆಯಾಗದೆ ಉಳಿದ ಶೇಷಾಂಶ ಅಷ್ಟರಮಟ್ಟಿಗೆ ಸಾಂದ್ರಗೊಳ್ಳುತ್ತದೆ. ಮಕ್ಕಳೂ ವೃದ್ಧರೂ ಉಣ್ಣುವ ತಟ್ಟೆಗೆ ಬರುವ ಖಾರ ಎಲ್ಲಿಂದ ಬಂತೆಂಬುದು ಮನೆಯವರಿಗೆ ತಿಳಿದಿರಬೇಕು.

ಖಾರ ಎಲ್ಲಿರುತ್ತದೆ?

ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಮತ್ತು ಅದರ ಹತ್ತಿರದ ಸಂಬಂಧಿ ವಸ್ತುಗಳು ಕಾರಣ. ಬೀಜದಲ್ಲಿ ಖಾರವಿದೆ ಎಂಬ ನಂಬಿಕೆ ಸರಿಯಲ್ಲ. ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ ಖಾರ ಉತ್ಪತ್ತಿಯಾಗುತ್ತದೆ. ಬೀಜಕ್ಕೆ ತಗಲುವುದು ಆ ತಿರುಳಿನ ಸಂಪರ್ಕದಿಂದ. ಖಾರ ಕಡಿಮೆ ಮಾಡಬೇಕಾದಾಗ ಬೀಜ ಕೊಡವಿದರೆ ಸಾಲದು, ಬಿಳಿಯ ತಿರುಳನ್ನು ಕೆರೆದು ತೆಗೆಯಬೇಕು.

ಕ್ಯಾಪ್ಸೈಸಿನ್ ನಾಲಿಗೆಯ ರುಚಿ ಗ್ರಂಥಿಗಳನ್ನಲ್ಲ, ಬಿಸಿಯನ್ನೂ ನೋವನ್ನೂ ಗ್ರಹಿಸುವ ನರತಂತುಗಳನ್ನು ಕೆರಳಿಸುತ್ತದೆ. ಆದುದರಿಂದಲೇ ಖಾರ ತಿಂದಾಗ ಬಾಯಿ ‘ಉರಿಯುತ್ತದೆ’. ಈ ಗ್ರಾಹಕವನ್ನು ಕ್ಯಾಪ್ಸೈಸಿನ್ ನೆರವಿನಿಂದಲೇ ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಮತ್ತು ಕೊಬ್ಬಿನಲ್ಲಿ ಕರಗುತ್ತದೆ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಬಾಯ್ತುಂಬ ಹರಡುತ್ತದೆ. ಹಾಲು, ಮೊಸರು ಅಥವಾ ತುಪ್ಪದ ಅನ್ನ ಅದನ್ನು ತಗ್ಗಿಸುತ್ತದೆ.

ಖಾರದ ಪ್ರಮಾಣವನ್ನು ಸ್ಕೋವಿಲ್ ಮಾನದಲ್ಲಿ ಹೇಳುವುದು ವಾಡಿಕೆ. ಅಮೆರಿಕದ ಔಷಧ ವಿಜ್ಞಾನಿ ವಿಲ್ಬರ್ ಸ್ಕೋವಿಲ್ 1912ರಲ್ಲಿ ಇದನ್ನು ರೂಪಿಸಿದರು. ದೊಣ್ಣೆ ಮೆಣಸಿನಕಾಯಿಯ ಖಾರ ಈ ಮಾನದಲ್ಲಿ ಸೊನ್ನೆ. ಈಶಾನ್ಯ ಭಾರತದ ಭೂತ್ ಜೊಲೊಕಿಯಾ 10 ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಸೇರಿತ್ತು. ತಳಿಯ ಗುಣದ ಜೊತೆಗೆ ಬಿಸಿಲು, ನೀರಿನ ಕೊರತೆ ಮತ್ತು ಕಾಯಿಯ ಬಲಿತವೂ ಖಾರವನ್ನು ಏರಿಳಿಸುತ್ತವೆ. ಒಂದೇ ಗಿಡದ ಎಳೆಗಾಯಿ ಸಪ್ಪೆಯಾಗಿ, ಬಲಿತ ಕಾಯಿ ಖಾರವಾಗಿ ಇರುವುದು ಸಹಜ.

ಮನೆಗೆ ಯಾವ ತಳಿ?

ಮನೆಯ ಬಳಕೆಗೆ ಒಂದೇ ತಳಿಯನ್ನು ನೆಚ್ಚುವುದಕ್ಕಿಂತ ಉದ್ದೇಶಕ್ಕೆ ತಕ್ಕಂತೆ ಎರಡು ಮೂರು ಬಗೆ ಬೆಳೆಸುವುದು ಲೇಸು.

1. ಹಸಿಮೆಣಸಿನಕಾಯಿಗೆ: ಪೂಸಾ ಜ್ವಾಲಾ ತಳಿಯ ಕಾಯಿ ಉದ್ದ, ತೆಳು, ಸುಕ್ಕುಸುಕ್ಕು ಮತ್ತು ಖಾರ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಶುದ್ಧ ತಳಿಯಾಗಿದ್ದು ಒಳ್ಳೆಯ ಖಾರ ಹೊಂದಿದೆ. ಅರ್ಕಾ ಮೇಘನಾ ಮತ್ತು ಅರ್ಕಾ ಹರಿತಾ ಅದೇ ಸಂಸ್ಥೆಯ ಸಂಕರಣ ತಳಿಗಳು. ಇವುಗಳ ಬೀಜವನ್ನು ಪ್ರತಿ ಬಾರಿ ಹೊಸದಾಗಿ ಕೊಳ್ಳಬೇಕು.

2. ಬಣ್ಣಕ್ಕೆ: ಬ್ಯಾಡಗಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಡ್ಡಿ ಮತ್ತು ಡಬ್ಬಿ ಇದರ ಎರಡು ಬಗೆಗಳು. ಕಡ್ಡಿ ಉದ್ದ ಮತ್ತು ತೆಳು; ಡಬ್ಬಿ ಗಿಡ್ಡ ಮತ್ತು ದಪ್ಪ. ಒಣಗಿದಾಗ ಸುಕ್ಕುಗಟ್ಟುವ ಸಿಪ್ಪೆ, ಗಾಢ ಕೆಂಪು ಬಣ್ಣ ಮತ್ತು ಮಂದ ಖಾರ ಬ್ಯಾಡಗಿಯ ಲಕ್ಷಣಗಳು.

3. ತೀಕ್ಷ್ಣ ಖಾರಕ್ಕೆ: ಮಲೆನಾಡು ಮತ್ತು ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಸೂಜಿಮೆಣಸು. ಗಾಂಧಾರಿ ಮೆಣಸು, ಜೀರಿಗೆ ಮೆಣಸು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಇದು ಬೇರೆಯೇ ಪ್ರಭೇದ. ಕಾಯಿಗಳು ಚಿಕ್ಕವು, ಅನೇಕ ಬಗೆಗಳಲ್ಲಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತವೆ. ಗಿಡ ಎರಡು ಮೂರು ವರ್ಷ ಬದುಕುತ್ತದೆ, ಅರೆನೆರಳನ್ನೂ ಸಹಿಸುತ್ತದೆ. ಒಂದು ಮನೆಗೆ ಒಂದು ಗಿಡ ಸಾಕು.

ಎಷ್ಟು ಗಿಡಗಳು ಬೇಕು?

ಉತ್ತಮ ಆರೈಕೆಯಲ್ಲಿ ಒಂದು ಗಿಡ ತನ್ನ ಅವಧಿಯಲ್ಲಿ ಅರ್ಧದಿಂದ ಒಂದು ಕಿ.ಗ್ರಾಂ. ಹಸಿಕಾಯಿ ಕೊಡುತ್ತದೆ. ವಾರಕ್ಕೆ ಕಾಲು ಕಿ.ಗ್ರಾಂ. ಬಳಸುವ ಕುಟುಂಬಕ್ಕೆ ತಿಂಗಳಿಗೆ ಸುಮಾರು ಒಂದು ಕಿ.ಗ್ರಾಂ. ಬೇಕು. ಕೊಯ್ಲು ಮೂರು ನಾಲ್ಕು ತಿಂಗಳು ನಡೆಯುವುದರಿಂದ ಒಂದು ತಂಡದಲ್ಲಿ 8 ಗಿಡ ಸಾಕಾಗುತ್ತವೆ. ಎಲ್ಲವನ್ನೂ ಒಮ್ಮೆಗೇ ನೆಡದೆ ಜೂನ್–ಜುಲೈ, ಅಕ್ಟೋಬರ್ ಮತ್ತು ಜನವರಿ–ಫೆಬ್ರವರಿಯಲ್ಲಿ ಒಂದೊಂದು ತಂಡ ನೆಟ್ಟರೆ ವರ್ಷದ ಬಹುಪಾಲು ಹಸಿಕಾಯಿ ದೊರೆಯುತ್ತದೆ.

ಒಣಮೆಣಸಿನಕಾಯಿಯ ಲೆಕ್ಕ ಬೇರೆ. ವರ್ಷಕ್ಕೆ 4 ಕಿ.ಗ್ರಾಂ. ಒಣಕಾಯಿ ಬೇಕಾದರೆ ಸುಮಾರು 16 ಕಿ.ಗ್ರಾಂ. ಹಣ್ಣು ಬೇಕು; ಅದಕ್ಕೆ 30ರಿಂದ 35 ಗಿಡ ಅವಶ್ಯ. 60 ಸೆಂ.ಮೀ. ಅಂತರದಲ್ಲಿ ಇಷ್ಟು ಗಿಡಗಳಿಗೆ 12ರಿಂದ 13 ಚದರ ಮೀಟರ್ ಜಾಗ ಸಾಕು. ಹಿತ್ತಲಿರುವ ಹಳ್ಳಿಯ ಮನೆಗೆ ಇದು ದೊಡ್ಡ ಜಾಗವಲ್ಲ. ಪಟ್ಟಣದ ತಾರಸಿಯಲ್ಲಿ ಬೆಳೆಯುವವರು ಹಸಿಕಾಯಿಗಷ್ಟೇ ಗಮನ ಕೊಡುವುದು ಸೂಕ್ತ.

ಸಸಿ ಬೆಳೆಸುವುದು

ಬೀಜ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅನುಕೂಲ. ಬಿತ್ತಿದ 7ರಿಂದ 10 ದಿನಗಳಲ್ಲಿ ಮೊಳಕೆ ಬರುತ್ತದೆ. ಚಳಿಗಾಲದಲ್ಲಿ ಹಾಗೂ ಸೂಜಿಮೆಣಸಿನಲ್ಲಿ ಇನ್ನೂ ತಡವಾಗಬಹುದು. ತೆಂಗಿನ ನಾರಿನ ಪುಡಿ ತುಂಬಿದ ಪ್ರೊಟ್ರೇಗಳಲ್ಲಿ ಕುಳಿಗೊಂದು ಬೀಜದಂತೆ ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಿರಿ. ಪ್ರೊಟ್ರೇ ಇಲ್ಲದಿದ್ದರೆ ತಳಕ್ಕೆ ತೂತು ಮಾಡಿದ ಚಿಕ್ಕ ಲೋಟಗಳೂ ಸಾಕು. ಬಿತ್ತುವ ಮುನ್ನ ಬೀಜಕ್ಕೆ ಟ್ರೈಕೋಡರ್ಮಾ ಪುಡಿಯನ್ನು ಲೇಪಿಸಿರಿ. ಇದರಿಂದ ಎಳೆ ಸಸಿಯ ಬುಡ ಕೊಳೆತು ಬೀಳುವ ರೋಗ ಹತೋಟಿಗೆ ಬರುತ್ತದೆ. ಈ ರೋಗದ ಮುಖ್ಯ ಕಾರಣ ಅತಿಯಾದ ನೀರು ಎಂಬುದನ್ನು ಮರೆಯಬಾರದು.

ಸಸಿಗಳನ್ನು ಮೊದಲ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸಿರಿ. ಎಲೆ ಮುಟುರು ನಂಜನ್ನು ಹರಡುವ ಬಿಳಿನೊಣ ಎಳೆ ಸಸಿಗೆ ತಗಲಿದರೆ ಗಿಡ ಜೀವನಪೂರ್ತಿ ಚೇತರಿಸಿಕೊಳ್ಳುವುದಿಲ್ಲ. 35ರಿಂದ 45 ದಿನಗಳ, 4–6 ಎಲೆಗಳುಳ್ಳ ಗಟ್ಟಿ ಸಸಿಗಳು ನಾಟಿಗೆ ಯೋಗ್ಯ. ನಾಟಿಗೆ ಒಂದು ವಾರ ಮೊದಲು ನೀರನ್ನು ಕಡಿಮೆ ಮಾಡಿ ಸಸಿಗಳನ್ನು ಬಿಸಿಲಿಗೆ ಒಗ್ಗಿಸಿರಿ.

ನಾಟಿ, ನೀರು ಮತ್ತು ಗೊಬ್ಬರ

ನೀರು ಬಸಿದುಹೋಗುವ, ರಸಸಾರ 6ರಿಂದ 7 ಇರುವ ಮಣ್ಣು ಉತ್ತಮ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಆರಿಸಿರಿ. ಕಳೆದ ವರ್ಷ ಟೊಮೆಟೊ, ಬದನೆ ಅಥವಾ ಆಲೂಗಡ್ಡೆ ಬೆಳೆದ ಮಡಿಯನ್ನು ಬಿಡಿ. ಇವು ಒಂದೇ ಕುಟುಂಬದ ಬೆಳೆಗಳಾದ್ದರಿಂದ ಸೊರಗು ರೋಗದ ಸೋಂಕು ಮಣ್ಣಿನಲ್ಲಿ ಉಳಿದಿರುತ್ತದೆ. ಮಳೆಗಾಲದಲ್ಲಿ ಏರುಮಡಿ ಕಡ್ಡಾಯ. ಬುಡದಲ್ಲಿ ಒಂದು ದಿನ ನೀರು ನಿಂತರೂ ಬೇರು ಕೊಳೆಯುತ್ತದೆ.

ಪ್ರತಿ ಗುಣಿಗೆ 2 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿರಿ. ಕುಂಡದಲ್ಲಿ ಬೆಳೆಯುವವರು 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಅಥವಾ ಚೀಲ ಬಳಸಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ನಾರಿನ ಪುಡಿ ಅಥವಾ ಮರಳಿನ ಮಿಶ್ರಣ ತುಂಬಿರಿ. ಸಂಜೆಯ ಹೊತ್ತು ನಾಟಿ ಮಾಡಿರಿ.

ಬೆರಳನ್ನು ಮಣ್ಣಿನೊಳಗೆ ಒಂದು ಗೆಣ್ಣಿನಷ್ಟು ಇಳಿಸಿ ನೋಡಿ, ತೇವವಿಲ್ಲದಿದ್ದರೆ ಮಾತ್ರ ನೀರು ಕೊಡಿ. ನೀರನ್ನು ಬುಡಕ್ಕೆ ಕೊಡಬೇಕೇ ಹೊರತು ಎಲೆಗಳ ಮೇಲೆ ಸುರಿಯಬಾರದು. ಕೆಲದಿನ ಒಣಗಿಸಿ ಕೆಲದಿನ ತೋಯಿಸುವ ಅಭ್ಯಾಸದಿಂದ ಗಿಡದೊಳಗೆ ಸುಣ್ಣಾಂಶದ ಸಾಗಣೆ ತಪ್ಪಿ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಬುಡಕ್ಕೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿದರೆ ತೇವ ಸಮನಾಗಿ ಉಳಿಯುತ್ತದೆ.

ನಾಟಿಯಾದ 25ನೇ ದಿನದಿಂದ ಮೂರು ವಾರಗಳಿಗೊಮ್ಮೆ ಗಿಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಕೊಡಿ. ಯೂರಿಯಾ ಆಸೆಗೆ ಬೀಳಬೇಡಿ. ಸಾರಜನಕ ಹೆಚ್ಚಾದ ಗಿಡ ಕಣ್ಣಿಗೆ ಹಸಿರಾಗಿ ಕಂಡರೂ ಹೂ ಕಡಿಮೆ; ಅದರ ಮೆತ್ತನೆಯ ಚಿಗುರು ರಸ ಹೀರುವ ಕೀಟಗಳನ್ನು ಕರೆಯುತ್ತದೆ. ಉಷ್ಣತೆ 35 ಡಿಗ್ರಿ ಮೀರಿದಾಗ ಹೂ ಉದುರುವುದು ಸಹಜ. ಇದಕ್ಕೆ ಔಷಧಿ ಹುಡುಕುವ ಬದಲು ಮಧ್ಯಾಹ್ನದ ಬಿಸಿಲಿಗೆ ತೆಳುವಾದ ನೆರಳು ಪರದೆ ಕಟ್ಟಿರಿ.

ಎಲೆ ಮುಟುರು: ಔಷಧಿಗೆ ಮೊದಲು ಕಾರಣ ಗುರುತಿಸಿರಿ

ಮೆಣಸಿನಕಾಯಿ ಬೆಳೆಗಾರರ ಬಹುಪಾಲು ಪ್ರಶ್ನೆಗಳು ಎಲೆ ಮುಟುರಿನ ಬಗ್ಗೆಯೇ ಇರುತ್ತವೆ. ಮುಟುರು ಒಂದೇ ರೋಗವಲ್ಲ. ಮೂರು ಬೇರೆ ಬೇರೆ ಕಾರಣಗಳಿಂದ ಎಲೆ ಮುಟುರುತ್ತದೆ, ಮೂರಕ್ಕೂ ಪರಿಹಾರ ಬೇರೆ. ತಪ್ಪಾಗಿ ಗುರುತಿಸಿದಾಗ ಹಣವೂ ಹೋಗಿ ಬೆಳೆಯೂ ಉಳಿಯುವುದಿಲ್ಲ.

1. ಎಲೆಯ ಅಂಚುಗಳು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್ ನುಸಿ ಕಾರಣ. ಚಿಗುರಿನ ಕೆಳಗೆ ಬಿಳಿಯ ಕಾಗದ ಹಿಡಿದು ಮೆಲ್ಲಗೆ ತಟ್ಟಿದರೆ ಸಣ್ಣ ಕಡ್ಡಿಯಂತಹ ಕೀಟಗಳು ಬಿದ್ದು ಓಡಾಡುತ್ತವೆ. 2021ರ ಹಂಗಾಮಿನಲ್ಲಿ ಆಂಧ್ರಪ್ರದೇಶ, ತೆಲಂಗಾಣ ಹಾಗೂ ಕರ್ನಾಟಕದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ ಕಪ್ಪು ಥ್ರಿಪ್ಸ್ ಹೂವಿನೊಳಗೂ ಗುಂಪಾಗಿ ಅಡಗಿ ಹೂ ಉದುರಿಸುತ್ತದೆ.

2. ಎಲೆಯ ಅಂಚುಗಳು ಕೆಳಕ್ಕೆ ಬಾಗಿ ತಲೆಕೆಳಗಾದ ದೋಣಿಯಂತೆ ಕಂಡು, ಎಲೆ ತೊಟ್ಟು ಉದ್ದವಾಗಿ, ಎಲೆ ಗಾಢ ಹಸಿರಾಗಿ ಬಿರುಸಾದರೆ ಮೈಟ್ ನುಸಿ ಕಾರಣ. ಇದು ಬರಿಗಣ್ಣಿಗೆ ಕಾಣದು. ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಎಲೆಯ ಕೆಳಭಾಗ ನೋಡಬೇಕು.

3. ಎಲೆಗಳು ಚಿಕ್ಕದಾಗಿ, ಹಳದಿಯಾಗಿ, ತುದಿಯಲ್ಲಿ ಗೊಂಚಲಾಗಿ ಗಿಡವೇ ಗಿಡ್ಡವಾದರೆ ಅದು ಬಿಳಿನೊಣ ಹರಡಿದ ನಂಜು ರೋಗ. ಇದಕ್ಕೆ ಯಾವ ಔಷಧಿಯೂ ಇಲ್ಲ.

ನಂಜು ತಗಲಿದ ಗಿಡವನ್ನು ಕಂಡ ದಿನವೇ ಕಿತ್ತು ಸುಡಿರಿ ಅಥವಾ ಹೂಳಿರಿ. ಒಂದು ಗಿಡದ ಮೇಲಿನ ಮರುಕ ಉಳಿದ ಏಳನ್ನೂ ಕೆಡಿಸುತ್ತದೆ. ಥ್ರಿಪ್ಸ್ ಇದ್ದಲ್ಲಿ ಮುಟುರಿದ ಚಿಗುರು ಚಿವುಟಿ ನಾಶಪಡಿಸಿ, ನೀಲಿ ಅಂಟುಪಟ್ಟಿಗಳನ್ನು ಗಿಡದ ಎತ್ತರಕ್ಕೆ ತೂಗುಹಾಕಿ, ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಬಿಳಿನೊಣಕ್ಕೆ ಹಳದಿ ಅಂಟುಪಟ್ಟಿ ಬಳಸಿರಿ. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂ. ಬೆರೆಸಿ ಎಲೆಯ ಕೆಳಭಾಗ ತೋಯುವಂತೆ ಸಿಂಪಡಿಸಿರಿ. ಸುಡುಬಿಸಿಲಿನಲ್ಲಿ ಗಂಧಕ ಬಳಸಿದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೂ ಬಳಸಬಾರದು. ಹಿತ್ತಲಿನ ಮಡಿಯ ಸುತ್ತ ಎರಡು ಸಾಲು ಮುಸುಕಿನ ಜೋಳ ದಟ್ಟವಾಗಿ ಬೆಳೆಸಿದರೆ ಗಾಳಿಯಲ್ಲಿ ಬರುವ ಕೀಟಗಳಿಗೆ ಅಡ್ಡಿಯಾಗುತ್ತದೆ.

ಬೇವಿನ ಬೀಜದ ಕಷಾಯ: ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಂ. ಕುಟ್ಟಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಕಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಮರುದಿನ ಹಿಂಡಿ ಸೋಸಿ, ಒಂದು ಚಿಟಿಕೆ ಸಾಬೂನು ಪುಡಿ ಬೆರೆಸಿ, ಅದೇ ದಿನ ಸಂಜೆ ಸಿಂಪಡಿಸಿರಿ. ಇಟ್ಟು ಮರುದಿನ ಬಳಸಿದರೆ ಫಲವಿಲ್ಲ. ಬಳಕೆಗೆ ಬಂದ ಕಾಯಿಗಳನ್ನು ಸಿಂಪರಣೆಗೆ ಮೊದಲೇ ಕಿತ್ತುಕೊಳ್ಳಿ.

ಇತರ ತೊಂದರೆಗಳು

ಹಣ್ಣಾಗುವ ಕಾಯಿಯ ಮೇಲೆ ತಗ್ಗಾದ, ಉಂಗುರದಂತಹ ಕಪ್ಪು ಕಲೆ ಮೂಡಿದರೆ ಅದು ಹಣ್ಣು ಕೊಳೆ ರೋಗ. ಇದೇ ಶಿಲೀಂಧ್ರ ಟೊಂಗೆಗಳನ್ನೂ ತುದಿಯಿಂದ ಒಣಗಿಸುತ್ತದೆ. ಬೀಜದ ಮೂಲಕವೂ ಹರಡುವುದರಿಂದ ಕಲೆಯಿರುವ ಕಾಯಿಯಿಂದ ಬೀಜ ತೆಗೆಯಬಾರದು. ಬೂದಿ ರೋಗದಲ್ಲಿ ಎಲೆಯ ಕೆಳಭಾಗದಲ್ಲಿ ಬಿಳಿಯ ಪುಡಿ ಕಂಡು ಎಲೆ ಉದುರುತ್ತದೆ. ಮೇಲೆ ಹೇಳಿದ ಗಂಧಕವೇ ಇದಕ್ಕೂ ಮದ್ದು. ಕಾಯಿಕೊರಕದ ಹುಳುಗಳನ್ನು ಏಳೆಂಟು ಗಿಡಗಳಲ್ಲಿ ಕೈಯಿಂದಲೇ ಆರಿಸಬಹುದು.

ಕೊಯ್ಲು ಮತ್ತು ಒಣಗಿಸುವಿಕೆ

ನಾಟಿಯಾದ 60ರಿಂದ 75 ದಿನಗಳಲ್ಲಿ ಹಸಿಕಾಯಿ ಕೊಯ್ಲಿಗೆ ಬರುತ್ತದೆ. ತೊಟ್ಟು ಸಹಿತ ಕೀಳಿರಿ. ಹಸಿಕಾಯಿಯನ್ನು ಆಗಾಗ ಕಿತ್ತಷ್ಟೂ ಗಿಡ ಹೊಸ ಹೂ ಬಿಡುತ್ತದೆ. ಒಣಗಿಸಲು ಗಿಡದಲ್ಲಿಯೇ ಪೂರ್ಣ ಕೆಂಪಾದ ಹಣ್ಣುಗಳನ್ನು ಮಾತ್ರ ಆರಿಸಿರಿ. ಅರೆಗೆಂಪು ಕಾಯಿ ಒಣಗಿದಾಗ ಬಿಳಿಚಿಕೊಳ್ಳುತ್ತದೆ.

ಒಣಗಿಸುವಿಕೆಯಲ್ಲಿ ಮಾಡುವ ಅಸಡ್ಡೆ ಆರೋಗ್ಯಕ್ಕೆ ನೇರ ಅಪಾಯ ತರುತ್ತದೆ. ಸರಿಯಾಗಿ ಒಣಗದ ಅಥವಾ ಮತ್ತೆ ತೇವ ತಗಲಿದ ಕಾಯಿಯಲ್ಲಿ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಇದು ಪಿತ್ತಜನಕಾಂಗಕ್ಕೆ ಹಾನಿಕರ. ದೀರ್ಘಕಾಲದ ಸೇವನೆ ಕ್ಯಾನ್ಸರಿಗೂ ಕಾರಣ. ಹುರಿಯುವುದರಿಂದಾಗಲಿ ಕುದಿಸುವುದರಿಂದಾಗಲಿ ಈ ವಿಷ ಪೂರ್ಣವಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಕಾಯಿಯನ್ನು ಒರೆಸಿ, ಬಿಸಿಲಿಗಿಟ್ಟು ‘ಪುಡಿಗೆ ಆಗುತ್ತದೆ’ ಎಂದು ತೆಗೆದಿಡುವುದು ಸಲ್ಲದು. ಅದನ್ನು ದನಕರುಗಳಿಗೂ ಹಾಕದೆ ಎಸೆಯಬೇಕು.

ಒಣಗಿಸುವಾಗ ಅನುಸರಿಸಬೇಕಾದ ಕ್ರಮ:

1. ಕೊಳೆತ, ಕಲೆಯಾದ, ಹುಳುಕು ಹಿಡಿದ ಕಾಯಿಗಳನ್ನು ಮೊದಲೇ ಬೇರ್ಪಡಿಸಿರಿ.
2. ಬರಿನೆಲದ ಮೇಲೆ ಹರಡಬೇಡಿ. ಸ್ವಚ್ಛ ತಾಡಪಾಲು, ಸಿಮೆಂಟು ಕಣ ಅಥವಾ ಎತ್ತರದ ಜಾಲರಿ ತಟ್ಟೆ ಬಳಸಿರಿ. ಮಣ್ಣಿನಲ್ಲಿಯೇ ಬೂಷ್ಟಿನ ಬೀಜಕಣಗಳಿರುತ್ತವೆ.
3. ತೆಳುವಾಗಿ ಹರಡಿ, ದಿನಕ್ಕೆ ಮೂರು ನಾಲ್ಕು ಬಾರಿ ತಿರುವಿರಿ. ಸಂಜೆ ರಾಶಿ ಮಾಡಿ ಮುಚ್ಚಿ, ಇಬ್ಬನಿ ತಗಲದಂತೆ ನೋಡಿಕೊಳ್ಳಿರಿ.
4. ಕಾಯಿ ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎನ್ನಬೇಕು. ತೇವಾಂಶ ಶೇ. 10ರ ಆಸುಪಾಸಿಗೆ ಬಂದಿರಬೇಕು.
5. ತೊಟ್ಟು ಮುರಿಯದೆ ಗಾಳಿಯಾಡದ ಡಬ್ಬದಲ್ಲಿ ತುಂಬಿರಿ. ತೊಟ್ಟು ಬಿಟ್ಟ ಕಾಯಿಯ ಬಾಯಿಂದ ತೇವ ಮತ್ತು ಹುಳು ಒಳಗೆ ಸೇರುತ್ತವೆ. ಮಳೆಗಾಲ ಆರಂಭಕ್ಕೆ ಮುನ್ನ ಒಮ್ಮೆ ಬಿಸಿಲು ತೋರಿಸಿರಿ.

ಬೀಜ ಉಳಿಸಿಕೊಳ್ಳುವುದು

ಹಳೆಯ ಬ್ಯಾಡಗಿ, ಊರಿನ ಸೂಜಿಮೆಣಸು ಮುಂತಾದ ಸ್ಥಳೀಯ ತಳಿಗಳು ಉಳಿಯುವುದು ಮನೆಮನೆಯ ಬೀಜದ ಗಂಟಿನಲ್ಲಿ. ಮೆಣಸಿನಕಾಯಿಯ ಹೂವು ಸ್ವಕೀಯ ಪರಾಗಸ್ಪರ್ಶ ಹೊಂದಬಲ್ಲುದಾದರೂ ಜೇನ್ನೊಣ ಮತ್ತಿತರ ಕೀಟಗಳಿಂದ ಗಣನೀಯ ಪ್ರಮಾಣದಲ್ಲಿ ಪರಕೀಯ ಪರಾಗಸ್ಪರ್ಶವೂ ಆಗುತ್ತದೆ. ಎರಡು ತಳಿ ಅಕ್ಕಪಕ್ಕ ಬೆಳೆದರೆ ಈ ವರ್ಷದ ಕಾಯಿಯಲ್ಲಿ ವ್ಯತ್ಯಾಸ ಕಾಣದು. ಅದರ ಬೀಜದಿಂದ ಬಂದ ಮುಂದಿನ ಗಿಡದಲ್ಲಿ ಬೆರಕೆ ಗೋಚರಿಸುತ್ತದೆ. ಆದ್ದರಿಂದ ಅತ್ಯಂತ ಆರೋಗ್ಯವಂತ ಗಿಡದ ಒಂದು ರೆಂಬೆಗೆ ಹೂ ಅರಳುವ ಮುನ್ನ ತೆಳು ಬಟ್ಟೆಯ ಚೀಲ ಕಟ್ಟಿರಿ. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ, ಆ ಕಾಯಿಗಳಿಗೆ ಬಣ್ಣದ ದಾರ ಕಟ್ಟಿ ಗುರುತಿಡಿ. ಪೂರ್ಣ ಹಣ್ಣಾದ ಬಳಿಕ ಬೀಜ ತೆಗೆದು ನೆರಳಿನಲ್ಲಿ ಒಣಗಿಸಿ, ತಳಿ ಮತ್ತು ವರ್ಷದ ಹೆಸರು ಬರೆದು ಬಿಗಿ ಮುಚ್ಚಳದ ಶೀಶೆಯಲ್ಲಿಡಿ. ಎರಡು ವರ್ಷಗಳೊಳಗೆ ಬಿತ್ತಿರಿ. ಸಂಕರಣ ತಳಿಗಳಿಂದ ಬೀಜ ತೆಗೆದರೆ ತಾಯಿಗಿಡದ ಗುಣ ಉಳಿಯುವುದಿಲ್ಲ.

ಅಡುಗೆಯಲ್ಲಿ ಬಳಕೆ

ಹಸಿಮೆಣಸಿನಕಾಯಿಯಲ್ಲಿ ‘ಸಿ’ ಜೀವಸತ್ವ ಹೇರಳ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಈ ಜೀವಸತ್ವವನ್ನು ಅಧಿಕ ಪ್ರಮಾಣದಲ್ಲಿ ಬೇರ್ಪಡಿಸಿದ್ದು ಅಲ್ಲಿನ ಕೆಂಪು ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಶಾಖಕ್ಕೆ ಈ ಜೀವಸತ್ವ ನಾಶವಾಗುವುದರಿಂದ ಕೋಸಂಬರಿ, ಹಸಿ ಚಟ್ನಿ, ಮಜ್ಜಿಗೆಗಳಲ್ಲಿ ಹಸಿಯಾಗಿ ಬಳಸುವುದು ಪೋಷಣೆಯ ದೃಷ್ಟಿಯಿಂದ ಮೇಲು.

ಒಣಮೆಣಸಿನ ಬಣ್ಣ ಮತ್ತು ಖಾರ ಎರಡೂ ಎಣ್ಣೆಯಲ್ಲಿ ಬಿಡುತ್ತವೆ. ಆದ್ದರಿಂದ ಒಗ್ಗರಣೆಯಲ್ಲಿ ಎಣ್ಣೆಗೆ ಹಾಕಿದ ಮೆಣಸಿನಕಾಯಿ ಇಡೀ ಸಾರಿಗೆ ಖಾರ ಹಂಚುತ್ತದೆ. ಸಾರಿನ ಪುಡಿಗೆ ಮೂರು ಪಾಲು ಬ್ಯಾಡಗಿ ಮತ್ತು ಒಂದು ಪಾಲು ಗುಂಟೂರು ಬಗೆಯ ಖಾರದ ಕಾಯಿ ಸೇರಿಸಿದರೆ ಬಣ್ಣವೂ ಖಾರವೂ ಹದವಾಗಿರುತ್ತವೆ. ಸಣ್ಣ ಉರಿಯಲ್ಲಿ ಹುರಿಯಿರಿ. ಕರಿದಾದರೆ ಘಾಟು ಏರುತ್ತದೆ, ಪುಡಿ ಕಹಿಯಾಗುತ್ತದೆ. ಸೂಜಿಮೆಣಸನ್ನು ತಂಬುಳಿ, ಅಪ್ಪೆಹುಳಿ, ಚಟ್ನಿಗಳಲ್ಲಿ ಒಂದೆರಡು ಕಾಯಿಯಷ್ಟೇ ಬಳಸಿರಿ.

ಬಾಳಕದ ಮೆಣಸಿನಕಾಯಿ

ಬಲಿತ, ಮಧ್ಯಮ ಖಾರದ ಹಸಿಕಾಯಿ 1 ಕಿ.ಗ್ರಾಂ. ತೊಳೆದು ನೀರಾರಿಸಿ, ತೊಟ್ಟು ಉಳಿಸಿಕೊಂಡು ಉದ್ದಕ್ಕೆ ಒಂದು ಸೀಳು ಕೊಡಿ. 1 ಲೀಟರ್ ಹುಳಿ ಮಜ್ಜಿಗೆಗೆ 120 ಗ್ರಾಂ. ಉಪ್ಪು, ಸ್ವಲ್ಪ ಇಂಗು ಮತ್ತು ಮೆಂತ್ಯದ ಪುಡಿ ಬೆರೆಸಿ, ಕಾಯಿಗಳನ್ನು ರಾತ್ರಿ ನೆನೆಸಿರಿ. ಹಗಲು ಕಾಯಿಗಳನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟು, ಸಂಜೆ ಅದೇ ಮಜ್ಜಿಗೆಗೆ ಮರಳಿ ಹಾಕಿರಿ. ಮೂರು ನಾಲ್ಕು ದಿನಗಳಲ್ಲಿ ಮಜ್ಜಿಗೆ ಹೀರಿಕೊಳ್ಳುತ್ತದೆ. ಆನಂತರ ನಾಲ್ಕೈದು ದಿನ ಗರಿಗರಿಯಾಗುವಂತೆ ಒಣಗಿಸಿ ಡಬ್ಬದಲ್ಲಿಡಿ. ಬೇಕಾದಾಗ ಎಣ್ಣೆಯಲ್ಲಿ ಕರಿದು ಬಳಸಿರಿ. ಮೋಡ ಕವಿದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ರಂಜಕ

ಉತ್ತರ ಕರ್ನಾಟಕದ ಈ ಕೆಂಪು ಚಟ್ನಿಗೆ ಪೂರ್ಣ ಹಣ್ಣಾದ, ಇನ್ನೂ ಒಣಗದ ಮೆಣಸಿನಕಾಯಿ ಬೇಕು. 500 ಗ್ರಾಂ. ಹಣ್ಣನ್ನು ತೊಳೆದು ಬಟ್ಟೆಯ ಮೇಲೆ ಪೂರ್ಣ ಆರಿಸಿ ತೊಟ್ಟು ತೆಗೆಯಿರಿ. 75 ಗ್ರಾಂ. ಉಪ್ಪು, ಸ್ವಲ್ಪ ಬೆಲ್ಲ, ಹುರಿದ ಮೆಂತ್ಯ ಒಂದು ಚಮಚ ಮತ್ತು ಇಂಗು ಸೇರಿಸಿ ನೀರು ತಗಲಿಸದೆ ರುಬ್ಬಿರಿ. ನಾಲ್ಕೈದು ದೊಡ್ಡ ನಿಂಬೆಹಣ್ಣಿನ ರಸ ಬೆರೆಸಿ ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ತುಂಬಿ, ತಂಪುಪೆಟ್ಟಿಗೆಯಲ್ಲಿಡಿ. ರೊಟ್ಟಿಯೊಂದಿಗೆ ಬಡಿಸುವಾಗ ಕಾಸಿದ ಎಣ್ಣೆ ಅಥವಾ ಮೊಸರು ಕಲಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿ ಬೆಳ್ಳುಳ್ಳಿ ಮತ್ತು ಹಸಿಮೆಣಸನ್ನು ಹುಳಿ ಸೇರಿಸದೆ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಡಬಾರದು. ಗಾಳಿಯಿಲ್ಲದ, ಹುಳಿಯಿಲ್ಲದ ಆ ಸ್ಥಿತಿಯಲ್ಲಿ ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಸೂಕ್ಷ್ಮಾಣು ಬೆಳೆಯಬಲ್ಲುದು. ವಾಸನೆಯಾಗಲಿ ರುಚಿಯಾಗಲಿ ಅದನ್ನು ತೋರಿಸಿಕೊಡುವುದಿಲ್ಲ. ಇಂತಹ ಚಟ್ನಿಯನ್ನು ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಿರಿ.

ಕೈ ಮತ್ತು ಕಣ್ಣಿನ ರಕ್ಷಣೆ

ಹೆಚ್ಚು ಕಾಯಿ ಹೆಚ್ಚುವ ಮುನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಥವಾ ಕೈಗವಸು ಧರಿಸಿರಿ. ಉರಿ ಹತ್ತಿದ ಕೈಗೆ ಮೊದಲು ಎಣ್ಣೆ ತಿಕ್ಕಿ, ಬಳಿಕ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ತಗಲಿದರೆ ಉಜ್ಜದೆ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು, ಉರಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿರಿ. ಒಣಕಾಯಿ ಕುಟ್ಟುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯ. ಉಬ್ಬಸವಿರುವವರು ಈ ಕೆಲಸ ಮಾಡಬಾರದು. ಜಠರದ ಹುಣ್ಣು, ಎದೆಯುರಿ ಇರುವವರು ಖಾರವನ್ನು ವೈದ್ಯರ ಸಲಹೆಯಂತೆ ಮಿತಿಗೊಳಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಮೆಣಸಿನಕಾಯಿ ಬೆಳೆಯುವ ಗ್ರಾಮಗಳಲ್ಲಿ ತರಬೇತಿ ನಡೆಸುವಾಗ ಸಿಂಪರಣೆಯ ಮಾತು ಗಂಡಸರೊಂದಿಗೆ, ಅಡುಗೆಯ ಮಾತು ಹೆಂಗಸರೊಂದಿಗೆ ಎಂದು ವಿಂಗಡಿಸಬೇಡಿ. ಕಾಯಿ ಕೀಳುವವರಲ್ಲಿ ಹೆಚ್ಚಿನವರು ಮಹಿಳೆಯರು. ಔಷಧಿಯ ಚೀಟಿಯಲ್ಲಿ ನಮೂದಿಸಿರುವ ಕಾಯುವ ಅವಧಿಯ ಅರ್ಥ, ಅಂದರೆ ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳ ಲೆಕ್ಕ, ಮೊದಲು ಅವರಿಗೆ ತಿಳಿಯಬೇಕು. ಸಿಂಪರಣೆಯಾದ ಸಾಲಿನ ತಲೆಗೆ ಕೆಂಪು ಬಟ್ಟೆ ಕಟ್ಟಿ ದಿನಾಂಕ ಬರೆದ ಹಲಗೆ ನೆಡುವ ಪದ್ಧತಿಯನ್ನು ರೂಢಿಗೆ ತನ್ನಿರಿ. ತಾಡಪಾಲಿನ ಮೇಲೆ ಮತ್ತು ಬರಿನೆಲದ ಮೇಲೆ ಒಣಗಿಸಿದ ಕಾಯಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿರಿ. ಅಫ್ಲಾಟಾಕ್ಸಿನ್ ಬಗ್ಗೆ ಉಪನ್ಯಾಸಕ್ಕಿಂತ ಅದು ಹೆಚ್ಚು ಮನಮುಟ್ಟುತ್ತದೆ.

ನೆನಪಿಡಬೇಕಾದ ಅಂಶಗಳು

1. ಮನೆಯ ಬಳಕೆಗೆ ಎಂಟು ಗಿಡ ಪ್ರತ್ಯೇಕವಾಗಿ ಬೆಳೆಸಿರಿ. ಸಿಂಪರಣೆಯಾದ ಹೊಲದ ಕಾಯಿಯನ್ನು ಕಾಯುವ ಅವಧಿ ಮುಗಿಯದೆ ಅಡುಗೆಗೆ ತರಬೇಡಿ.
2. ಎಲೆ ಮೇಲಕ್ಕೆ ಮುಟುರಿದರೆ ಥ್ರಿಪ್ಸ್, ಕೆಳಕ್ಕೆ ಮುಟುರಿದರೆ ಮೈಟ್, ಹಳದಿಯಾಗಿ ಗೊಂಚಲಾದರೆ ನಂಜು.
3. ಬೂಷ್ಟು ಹಿಡಿದ ಕಾಯಿಯನ್ನು ಯಾವ ಕಾರಣಕ್ಕೂ ಬಳಸಬೇಡಿ.
4. ಸ್ಥಳೀಯ ತಳಿಯ ಬೀಜವನ್ನು ಪ್ರತಿ ಹಂಗಾಮಿನಲ್ಲಿ ಉಳಿಸಿ, ನೆರೆಯವರಿಗೂ ಹಂಚಿರಿ.

ಮೇಲಿನ ಕ್ರಮಗಳನ್ನು ಅನುಸರಿಸಿಯೂ ಗಿಡದಲ್ಲಿ ತೊಂದರೆ ಕಂಡುಬಂದರೆ, ರೋಗಪೀಡಿತ ಟೊಂಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ತಜ್ಞರಿಗೆ ತೋರಿಸಿ ಸಲಹೆ ಪಡೆಯಿರಿ.